ಮರ್ಜಿ ಇರುವ ತನಕ

ನಮ್ಮ ಧಾರವಾಡ ಸೀಮೆಯಲ್ಲಿ ‘ಮರ್ಜಿ’ ಎಂಬ ಶಬ್ದಕ್ಕೆ ಬಿಡುವಿಲ್ಲದ ಕೆಲಸ. ಹೊಸ ಸೊಸೆಗೆ ತವರಿನವರು ಗಂಟು ಕಟ್ಟಿ ಕಳಿಸುವ ಬುದ್ಧಿಮಾತು ‘ಅತ್ತಿ ಮರ್ಜಿ ಹಿಡಕೊಂಡು ಹೋಗು’ ಎಂಬುದು. ಸಾಹುಕಾರನ ಮರ್ಜಿ ಕಾಯುವವರು ಬೇರೆ. ಮಳೆರಾಯನ ಮರ್ಜಿಯನ್ನಂತೂ ನವಲಗುಂದ, ಅಣ್ಣಿಗೇರಿಯ ಎರೆಹೊಲದ ಒಕ್ಕಲಿಗರೆಲ್ಲ ಕಾಯುತ್ತಾರೆ. ಮನಸ್ಸಿಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾರಣ ಕೇಳುವ ಹಾಗಿಲ್ಲ. ಇದು ಆ ಶಬ್ದದ ಅರ್ಥ. ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಅರ್ಥದ ಮಾತು ನಮ್ಮ ಸಂವಿಧಾನದಲ್ಲೂ ಇದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಹೈಸ್ಕೂಲಿನಲ್ಲಿ ಸಮಾಜ ವಿಷಯ ಕಲಿಸುವಾಗ ನಾನು ವರ್ಷವರ್ಷವೂ ಆ ಪಾಠಕ್ಕೆ ಬಂದು ನಿಲ್ಲುತ್ತಿದ್ದೆ. ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿ. ಅವಧಿ ಐದು ವರ್ಷ. ಆದರೆ 156ನೇ ವಿಧಿ ಈ ಐದು ವರ್ಷದ ಮಾತಿಗಿಂತ ಮೊದಲು ಇನ್ನೊಂದು ಮಾತು ಹೇಳುತ್ತದೆ: ರಾಷ್ಟ್ರಪತಿಯವರ ಇಚ್ಛೆ ಇರುವವರೆಗೆ ರಾಜ್ಯಪಾಲರು ಅಧಿಕಾರದಲ್ಲಿ ಇರುತ್ತಾರೆ. ಮುಂದೆ 164ನೇ ವಿಧಿಗೆ ಬಂದರೆ, ಮಂತ್ರಿಗಳು ರಾಜ್ಯಪಾಲರ ಇಚ್ಛೆ ಇರುವವರೆಗೆ ಅಧಿಕಾರದಲ್ಲಿ ಇರುತ್ತಾರೆ ಎಂದಿದೆ. ಪುಸ್ತಕದಲ್ಲಿ ‘ಇಚ್ಛೆ’; ನಮ್ಮ ಹುಡುಗಿಯರ ಬಾಯಲ್ಲಿ ಮರ್ಜಿ. ‘ಹಂಗಂದ್ರ ಎಲ್ಲಾರೂ ಒಬ್ಬರ ಮರ್ಜಿ ಇನ್ನೊಬ್ಬರು ಕಾಯೋದ ಏನ್ರಿ ಟೀಚರ್?’ ಎಂದು ಹಿಂದಿನ ಬೆಂಚಿನ ಒಬ್ಬಳು ಕೇಳಿದ್ದಳು. ಪರೀಕ್ಷೆಗೆ ರಾಜ್ಯಪಾಲರ ಹೆಸರು ಮತ್ತು ಇಸವಿಗಳ ಪಟ್ಟಿಯನ್ನು ಎಲ್ಲರೂ ಬಾಯಿಪಾಠ ಮಾಡುತ್ತಿದ್ದರು. ಪಟ್ಟಿಗೆ ಉತ್ತರ ಸಿಗುತ್ತಿತ್ತು, ಈ ಪ್ರಶ್ನೆಗೆ ಸಿಗುತ್ತಿರಲಿಲ್ಲ. ಅದರ ಉತ್ತರವನ್ನು ಹುಡುಕಿ ಕೊಟ್ಟ ಹೆಚ್ಚಳ ನಮ್ಮ ಧಾರವಾಡ ಜಿಲ್ಲೆಯ ಒಬ್ಬ ಮನುಷ್ಯನ ಪ್ರಕರಣಕ್ಕೆ ಸಲ್ಲಬೇಕು. ಅಲ್ಲಿಗೆ ಬರುವ ಮೊದಲು ಸ್ವಲ್ಪ ಹಿಂದಿನಿಂದ ನಡೆದು ಬರೋಣ.

ನಾಡನ್ನು ಮರ್ಜಿಯ ಮೇಲೆ ಒಬ್ಬರ ಕೈಗೆ ಕೊಡುವುದು ಇಂಗ್ಲಿಷರು ಕಲಿಸಿದ ವಿದ್ಯೆಯೇನೂ ಅಲ್ಲ. ಅಣ್ಣಿಗೇರಿ, ನವಲಗುಂದದ ಈ ಕಪ್ಪು ನೆಲಕ್ಕೆ ಶಾಸನಗಳಲ್ಲಿ ಬೆಳ್ವೊಲ ಮುನ್ನೂರು ಎಂಬ ಹೆಸರಿದೆ. ಅಣ್ಣಿಗೇರಿ ಅದರ ರಾಜಧಾನಿ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಕಡೆಯವರ ಊರು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗಂಗರ ಬೂತುಗ ಕೊಂದ. ಅವನಿಗೆ ಮೆಚ್ಚಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಬನವಾಸಿ, ಪುಲಿಗೆರೆ, ಕಿಸುಕಾಡು, ಬಾಗೆನಾಡುಗಳ ಜೊತೆಗೆ ನಮ್ಮ ಬೆಳ್ವೊಲವನ್ನೂ ಕೊಟ್ಟುಬಿಟ್ಟನೆಂದು ಆತಕೂರಿನ ಶಾಸನ ಹೇಳುತ್ತದೆ. ಬೆಳ್ವೊಲದ ಒಕ್ಕಲಿಗರನ್ನು ಯಾರೂ ಕೇಳಲಿಲ್ಲ. ಕೇಳುವ ಕಾಲವೂ ಅದಲ್ಲ. ಮೆಚ್ಚಿದವನು ಕೊಟ್ಟ, ಕೊಟ್ಟದ್ದನ್ನು ಇನ್ನೊಬ್ಬ ಆಳಿದ.

ಆ ಕಾಲದ ಪಟ್ಟಿಯಲ್ಲಿ ಹೆಂಗಸರ ಹೆಸರುಗಳೂ ಇವೆ ಎಂಬುದನ್ನು ಮಾತ್ರ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ವರ್ಷಗಟ್ಟಲೆ ಆಳಿದವಳು. 1047ರಲ್ಲಿ ಗೋಕಾಕದ ಕೋಟೆಗೆ ಸೈನ್ಯ ತೆಗೆದುಕೊಂಡು ಹೋಗಿ ಮುತ್ತಿಗೆ ಹಾಕಿದಳು. ಯುದ್ಧದಲ್ಲಿ ಅವಳನ್ನು ಭೈರವಿಗೆ ಹೋಲಿಸಿದ್ದಾರೆ. ಅವಳ ಸೋದರಳಿಯ ಒಂದನೆಯ ಸೋಮೇಶ್ವರನ ಕಾಲಕ್ಕೆ ರಾಣಿ ಮೈಲಲದೇವಿ ಬನವಾಸಿ ಹನ್ನೆರಡು ಸಾವಿರವನ್ನು ನೋಡಿಕೊಂಡಳು. ಪಟ್ಟದ ಅರಸನ ತಂಗಿಯೋ ಅಕ್ಕನೋ ರಾಣಿಯೋ ಆಗಿದ್ದರಿಂದ ಅವರಿಗೆ ನಾಡು ಸಿಕ್ಕಿತು, ನಿಜ. ಆದರೆ ಸಿಕ್ಕಿದ್ದನ್ನು ಆಳಿ ತೋರಿಸಿದರು. ಆಮೇಲಿನ ಪಟ್ಟಿಗಳಲ್ಲಿ ಒಂದು ಹೆಣ್ಣಿನ ಹೆಸರು ಕಾಣಲು ನಾವು ಎಷ್ಟು ಕಾಯಬೇಕಾಯಿತು ಎಂಬುದನ್ನು ಮುಂದೆ ನೋಡುವಿರಿ.

ಇಂಗ್ಲಿಷರ ಕಾಲಕ್ಕೆ ಬಂದರೆ, ಗವರ್ನರ್ ಎಂಬ ಪದವಿಗೂ ನವಲಗುಂದಕ್ಕೂ ಒಂದು ಸಣ್ಣ ನಂಟಿದೆ. ಪೇಶ್ವೆಯ ಆಳ್ವಿಕೆ ಮುಗಿಯುತ್ತ ಬಂದಾಗ ಥಾಮಸ್ ಮನ್ರೋ ಧಾರವಾಡದಲ್ಲಿ ಕುಳಿತು, ಇಲ್ಲಿಯ ಪೇದೆಗಳನ್ನೇ ಕೂಡಿಸಿಕೊಂಡು, 1818ರ ಆರಂಭದಲ್ಲಿ ನವಲಗುಂದವನ್ನು ಗೋಖಲೆಯ ಕಡೆಯವರಿಂದ ಬಿಡಿಸಿಕೊಂಡ. ಎರಡು ವರ್ಷದಲ್ಲಿ, 1820ಕ್ಕೆ, ಅವನು ಮದರಾಸಿನ ಗವರ್ನರನಾದ. 1827ರಲ್ಲಿ ಆ ಪದವಿಯಲ್ಲಿ ಇರುವಾಗಲೇ ತೀರಿಕೊಂಡ. ನಮ್ಮ ಭಾಗ ಮುಂದೆ ಮುಂಬಯಿ ಇಲಾಖೆಗೆ ಸೇರಿತು. ಮುಂಬಯಿಯಲ್ಲಿ ಒಬ್ಬ ಗವರ್ನರ್ ಹೋಗಿ ಇನ್ನೊಬ್ಬ ಬರುತ್ತಿದ್ದ. ನಮ್ಮ ಹಳ್ಳಿಗಳಿಗೆ ಅವರೆಲ್ಲರಿಗೂ ಸೇರಿ ಒಂದೇ ಹೆಸರು: ಲಾಟಸಾಹೇಬ.

ಕುಂದಗೋಳದ ಕಥೆ ಮಾತ್ರ ಬೇರೆ. ಹುಬ್ಬಳ್ಳಿಯಿಂದ ಕೂಗಳತೆಯಲ್ಲಿದ್ದರೂ ಅದು ಇಂಗ್ಲಿಷರ ಧಾರವಾಡ ಜಿಲ್ಲೆಯಲ್ಲಿ ಇರಲಿಲ್ಲ. ದೂರದ ಜಮಖಂಡಿಯ ಪಟವರ್ಧನ ರಾಜರ ಸಂಸ್ಥಾನಕ್ಕೆ ಸೇರಿದ ತುಂಡು ಸೀಮೆ ಅದು. ನನ್ನ ತವರು ಕುಂದಗೋಳದ ಕಡೆ, ಕೊಟ್ಟ ಮನೆ ನವಲಗುಂದ. ಹೀಗಾಗಿ ನಮ್ಮ ಆಯಿ ಮತ್ತು ನಮ್ಮ ಅತ್ತೆ ಒಂದೆಡೆ ಕೂತರೆ ಈ ಮಾತು ಬರದೆ ಇರುತ್ತಿರಲಿಲ್ಲ.

‘ನಾವು ರಾಜಾನ ಮಂದಿ, ಬೀಗ್ತಿ. ನೀವೆಲ್ಲಾ ಲಾಟಸಾಹೇಬನ ಮಂದಿ’ ಎನ್ನುತ್ತಿದ್ದಳು ಆಯಿ, ಎಲೆಗೆ ಸುಣ್ಣ ಹಚ್ಚುತ್ತ.

‘ಹೌದ್ರಿ, ಖರೆ. ಆದ್ರ ಲಾಟಸಾಹೇಬ ಬಂದ್ರ ನಿಮ್ಮ ರಾಜಾ ಎದ್ದ ನಿಲ್ಲತಿದ್ದನಂತಲ್ಲ!’ ಎಂದು ಅತ್ತೆಯ ಉತ್ತರ.

ನಕ್ಕು ಮುಗಿಯುತ್ತಿತ್ತು. ಆದರೆ ಆ ನಗೆಯೊಳಗೆ ಇತಿಹಾಸದ ಒಂದು ಪಾಠವೇ ಇದೆ. ರಾಜ ಕೂತದ್ದು ಲಾಟಸಾಹೇಬನ ಮರ್ಜಿಯಿಂದ. ಲಾಟಸಾಹೇಬ ಕೂತದ್ದು ಲಂಡನ್ನಿನ ಮರ್ಜಿಯಿಂದ. ಆಯಿಯೂ ಅತ್ತೆಯೂ ಇಬ್ಬರ ಕೆಳಗೂ ಇದ್ದರು, ಅವರ ಮರ್ಜಿಯನ್ನು ಕೇಳುವವರು ಎಲ್ಲೂ ಇರಲಿಲ್ಲ.

1948ರಲ್ಲಿ ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆಯಿ ಕೂಡ ಲಾಟಸಾಹೇಬನ ಕಡೆಗೇ ಬಂದಳು ಎಂದಾಯಿತು. ಅಷ್ಟರಲ್ಲಿ ಲಾಟಸಾಹೇಬ ನಮ್ಮವನೇ ಆಗಿದ್ದ. ರಾಜಾ ಮಹಾರಾಜ ಸಿಂಗ್, ಗಿರಿಜಾಶಂಕರ ಬಾಜಪೇಯಿ, ಹರೇಕೃಷ್ಣ ಮಹತಾಬ್ ಇವರು ಮುಂಬಯಿಯಿಂದ ನಮ್ಮನ್ನು ನೋಡಿಕೊಂಡ ಕೊನೆಯ ರಾಜ್ಯಪಾಲರು. 1956ರ ನವೆಂಬರ್ 1ರಂದು ಕರ್ನಾಟಕ ಒಂದಾಯಿತು. ಕುಂದಗೋಳ, ನವಲಗುಂದ, ಕಲಘಟಗಿ ಎಲ್ಲವೂ ವಿಶಾಲ ಮೈಸೂರಿನಲ್ಲಿ ಬಂದವು. ಹೊಸ ರಾಜ್ಯದ ಮೊದಲ ರಾಜ್ಯಪಾಲರು ಯಾರು? ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು! ಆಯಿಗೆ ಗೆದ್ದಷ್ಟು ಸಂತೋಷ. ‘ನೋಡಬೇ, ಕಡೀಕ ರಾಜಾನೇ ಬಂದ’ ಎಂದಳಂತೆ.

ಒಡೆಯರಿಗೆ ಆಗ 37 ವರ್ಷ. 1950ರಿಂದ ಅವರು ಹಳೆಯ ಮೈಸೂರಿಗೆ ರಾಜಪ್ರಮುಖರಾಗಿದ್ದರು; 1956ರಿಂದ 1964ರ ಮೇ ತನಕ ರಾಜ್ಯಪಾಲರು. ತಲೆತಲಾಂತರದಿಂದ ಬಂದ ಗಾದಿಯಲ್ಲಿ ಕೂತವರು ಈಗ ರಾಷ್ಟ್ರಪತಿಯ ಮರ್ಜಿ ಇರುವ ತನಕ ಕೂಡುವ ಕುರ್ಚಿಗೆ ಬಂದಿದ್ದರು. ಇಲ್ಲಿಂದ ಅವರನ್ನು ಮದರಾಸಿಗೆ ರಾಜ್ಯಪಾಲರನ್ನಾಗಿ ಕಳಿಸಿದಾಗ ಹೋದರು. ಮಹಾರಾಜರಿಗೂ ವರ್ಗಾವಣೆ! ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಬರುವ ಕಾಗದದಂತೆ ಅವರಿಗೂ ಒಂದು ಕಾಗದ ಬಂತೆಂದು ನೆನೆದರೆ ಪ್ರಜಾಪ್ರಭುತ್ವದ ಮೇಲೆ ಸ್ವಲ್ಪ ಪ್ರೀತಿಯೇ ಹುಟ್ಟುತ್ತದೆ.

ಆಮೇಲಿನ ಪಟ್ಟಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶ್ರೀನಾಗೇಶ್ ಬಂದರು, ಹನ್ನೊಂದು ತಿಂಗಳಿಗೆ ಹೋದರು. 1965ರಲ್ಲಿ ಬಂದ ವಿ. ವಿ. ಗಿರಿಯವರು 1967ರಲ್ಲಿ ಉಪರಾಷ್ಟ್ರಪತಿಯಾಗಿ ದಿಲ್ಲಿಗೆ ಹೋದರು. ಅವರ ನಂತರದ ಗೋಪಾಲ್ ಸ್ವರೂಪ್ ಪಾಠಕ್ ಕೂಡ 1969ರಲ್ಲಿ ಅದೇ ಪದವಿಗೆ ಅದೇ ದಾರಿ ಹಿಡಿದರು. ಆಮೇಲೆ ಧರ್ಮವೀರ. 1972ರಲ್ಲಿ ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಮೋಹನಲಾಲ್ ಸುಖಾಡಿಯಾ ಬಂದರು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದ 1973ರ ನವೆಂಬರ್ 1ರಂದು ರಾಜಭವನದಲ್ಲಿ ಇದ್ದವರು ಇವರೇ. ಆ ಬಳಿಕ ಉಮಾಶಂಕರ ದೀಕ್ಷಿತ್, ಗೋವಿಂದ ನಾರಾಯಣ್, ಅಶೋಕನಾಥ ಬ್ಯಾನರ್ಜಿ, ಪಿ. ವೆಂಕಟಸುಬ್ಬಯ್ಯ, ಭಾನುಪ್ರತಾಪ ಸಿಂಗ್, ಖುರ್ಷಿದ್ ಆಲಂ ಖಾನ್. ಖಾನ್ ಅವರು 1992ರ ಜನವರಿಯಿಂದ 1999ರ ಡಿಸೆಂಬರಿನ ತನಕ, ಎಂಟು ವರ್ಷಕ್ಕೆ ಒಂದು ತಿಂಗಳು ಕಡಿಮೆ, ಇದ್ದು ಐದು ಮುಖ್ಯಮಂತ್ರಿಗಳನ್ನು ನೋಡಿದರು. ಒಬ್ಬರಿಗೆ ಹನ್ನೊಂದು ತಿಂಗಳು, ಇನ್ನೊಬ್ಬರಿಗೆ ಎಂಟು ವರ್ಷ! ಐದು ವರ್ಷ ಎಂಬುದು ಕಾಗದದ ಮೇಲಿನ ಲೆಕ್ಕ, ನಡೆಯುವುದು ಬೇರೆ ಲೆಕ್ಕ ಎಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ.

ಇವರಲ್ಲಿ ಯಾರನ್ನಾದರೂ ನಮ್ಮ ಊರಿನವರು ಕಂಡದ್ದುಂಟೇ? ನಮ್ಮ ಹೆಣ್ಣುಮಕ್ಕಳಲ್ಲಿ ಕಲಿತು ಮುಂದೆ ಬಂದ ಕೆಲವರು ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋದಾಗ, ಕುಲಾಧಿಪತಿಗಳ ಜರಿಯಂಚಿನ ನಿಲುವಂಗಿಯನ್ನು ದೂರದಿಂದ ಕಂಡಿರಬಹುದು. ಉಳಿದವರಿಗೆ ರಾಜ್ಯಪಾಲರು ಎಂದರೆ ಜನವರಿ 26ರ ಪೇಪರಿನ ಮೊದಲ ಪುಟದ ಫೋಟೋ. ಬೆಂಗಳೂರಿನಲ್ಲಿ ಮಾರ್ಕ್ ಕಬ್ಬನ್ ತನಗಾಗಿ ಕಟ್ಟಿಸಿಕೊಂಡಿದ್ದ ದೊಡ್ಡ ಮನೆಯೊಳಗೆ ಇರುವ, ಸಹಿ ಮಾಡುವ ಹಿರಿಯರು. ಇಂಥ ದೂರದ ಕುರ್ಚಿಯಿಂದ ನಮಗೇನು ಲಾಭ, ಏನು ಹಾನಿ ಎಂದು ಯಾರೂ ಕೇಳುತ್ತಿರಲಿಲ್ಲ.

ಅವರ ಸಹಿಗೆ ಎಂಥ ಬಲವಿದೆ ಎಂಬುದು ಮೊದಲು ಸ್ಪಷ್ಟವಾಗಿ ಕಂಡದ್ದು ಗೋವಿಂದ ನಾರಾಯಣ್ ಅವರ ಕಾಲದಲ್ಲಿ. 1977ರ ಡಿಸೆಂಬರ್ 31ರಂದು ದೇವರಾಜ ಅರಸರ ಸರ್ಕಾರವನ್ನು ತೆಗೆದು ರಾಷ್ಟ್ರಪತಿ ಆಡಳಿತ ಹೇರಿದರು. ಕೇಂದ್ರದಲ್ಲಿ ಆಗ ಜನತಾ ಸರ್ಕಾರ. ಎರಡೇ ತಿಂಗಳಲ್ಲಿ ಚುನಾವಣೆ ನಡೆಯಿತು, ಅರಸರು ಗೆದ್ದು 1978ರ ಫೆಬ್ರುವರಿ 28ರಂದು ಮತ್ತೆ ಮುಖ್ಯಮಂತ್ರಿಯಾದರು. ಮರ್ಜಿ ಕಿತ್ತುಕೊಂಡದ್ದನ್ನು ಎಣಿಕೆ ತಿರುಗಿ ಕೊಟ್ಟಿತು.

ಅದೇ ರಾಜ್ಯಪಾಲರ ಅವಧಿಯಲ್ಲಿ ನಮ್ಮ ನವಲಗುಂದ ಹೊತ್ತಿ ಉರಿಯಿತು. ಮಲಪ್ರಭೆಯ ಕಾಲುವೆ ಹೊಲಗಳಿಗೆ ಸರಿಯಾಗಿ ನೀರು ಮುಟ್ಟಿಸುವ ಮೊದಲೇ ಅಭಿವೃದ್ಧಿ ಕರ ಕೇಳಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಳೀಬಾರು ಆಯಿತು, ಜೀವಗಳು ಹೋದವು. ಆ ದಿನ ರಾಜಭವನದಲ್ಲಿ ಯಾರಿದ್ದಾರೆಂದು ನಮ್ಮ ಓಣಿಯಲ್ಲಿ ಯಾರೂ ನೆನೆಯಲಿಲ್ಲ. ಬೈಗುಳವೆಲ್ಲ ಗುಂಡೂರಾಯರ ಸರ್ಕಾರಕ್ಕೆ. ಆ ಸಿಟ್ಟನ್ನು ಜನ 1983ರ ಚುನಾವಣೆಯ ತನಕ ಇಟ್ಟುಕೊಂಡು ಮತಪೆಟ್ಟಿಗೆಗೆ ಹಾಕಿದರು. ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು, 1983ರ ಜನವರಿ 10ರಂದು ರಾಮಕೃಷ್ಣ ಹೆಗಡೆಯವರು ಪ್ರಮಾಣವಚನ ತೆಗೆದುಕೊಂಡರು. ಪ್ರಮಾಣ ಬೋಧಿಸಿದವರು ಅದೇ ಗೋವಿಂದ ನಾರಾಯಣ್. ಒಂದು ಸರ್ಕಾರವನ್ನು ಇಳಿಸುವುದಕ್ಕೆ ಎರಡು ಬಗೆಗಳಿವೆ ಎಂಬುದನ್ನು ಅವರೊಬ್ಬರ ಅವಧಿಯೇ ನಮಗೆ ತೋರಿಸಿಕೊಟ್ಟಿತು.

ಈಗ ಧಾರವಾಡ ಜಿಲ್ಲೆಯ ಆ ಮನುಷ್ಯನ ವಿಷಯ. ಸೋಮಪ್ಪ ರಾಯಪ್ಪ ಬೊಮ್ಮಾಯಿ 1924ರಲ್ಲಿ ಶಿಗ್ಗಾಂವಿ ತಾಲೂಕಿನ ಕಾರಡಗಿಯಲ್ಲಿ ಹುಟ್ಟಿದವರು. ಆ ತಾಲೂಕು ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹಾವೇರಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹುಬ್ಬಳ್ಳಿಯಲ್ಲಿ ವಕೀಲಿ, ಏಕೀಕರಣದ ಹೋರಾಟ, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ವಿಧಾನಸಭೆ. 1988ರ ಆಗಸ್ಟ್ 13ರಂದು ಅವರು ಮುಖ್ಯಮಂತ್ರಿಯಾದಾಗ ನಮ್ಮ ಕಡೆಯವರಿಗೆ ಮನೆಯ ಹಿರಿಯಣ್ಣನೇ ದೊಡ್ಡ ಕುರ್ಚಿಗೆ ಹೋದ ಹಾಗೆ.

ಎಂಟು ತಿಂಗಳು ಕಳೆಯಿತು. 1989ರ ಏಪ್ರಿಲ್ ನಡುವೆ ಆಡಳಿತ ಪಕ್ಷದ ಶಾಸಕರೊಬ್ಬರು ರಾಜಭವನಕ್ಕೆ ಹೋಗಿ ತಾವು ಬೆಂಬಲ ಹಿಂದೆಗೆದುಕೊಂಡಿರುವುದಾಗಿ ತಿಳಿಸಿದರು. ಮರುದಿನ 19 ಪತ್ರಗಳನ್ನು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಮುಂದೆ ಇಟ್ಟರು. ಒಂದೊಂದರಲ್ಲಿ ಒಬ್ಬೊಬ್ಬ ಶಾಸಕನ ಸಹಿ. ತಮ್ಮ ಬೆಂಬಲವೂ ಇಲ್ಲ ಎಂಬ ಒಕ್ಕಣೆ. ಸಹಿಗಳು ಅವರವೇ ಹೌದೋ ಅಲ್ಲವೋ ಎಂದು ಕಚೇರಿಯವರಿಂದ ತಾಳೆ ನೋಡಿಸಿದ ರಾಜ್ಯಪಾಲರು ಏಪ್ರಿಲ್ 19ರಂದು ದಿಲ್ಲಿಗೆ ವರದಿ ಕಳಿಸಿದರು. 20ರಂದು ಆ 19 ಮಂದಿಯಲ್ಲಿ 7 ಜನ ರಾಜ್ಯಪಾಲರಿಗೆ ಬೇರೆ ಪತ್ರ ಬರೆದರು: ನಮ್ಮ ಸಹಿಯನ್ನು ಏನೋ ಹೇಳಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಕಡೆಯೇ ಇದ್ದೇವೆ. ಅದೇ ದಿನ ಮಂತ್ರಿಮಂಡಲ ಸೇರಿ ಏಪ್ರಿಲ್ 27ಕ್ಕೆ ವಿಧಾನಸಭೆ ಕರೆಯುವ ತೀರ್ಮಾನ ಮಾಡಿತು. ಬೊಮ್ಮಾಯಿಯವರು ಸ್ವತಃ ಹೋಗಿ, ಬೇಕಿದ್ದರೆ ಇನ್ನೂ ಮೊದಲೇ ಸದನ ಕರೆಯುತ್ತೇನೆ, ಅಲ್ಲಿ ಬಹುಮತ ತೋರಿಸುತ್ತೇನೆ ಎಂದರು. ರಾಜ್ಯಪಾಲರು ಒಪ್ಪಲಿಲ್ಲ. ಇನ್ನೊಂದು ವರದಿ ದಿಲ್ಲಿಗೆ ಹೋಯಿತು. 21ರಂದು 356ನೇ ವಿಧಿಯ ಪ್ರಕಾರ ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಕೇಂದ್ರದಲ್ಲಿ ಆಗ ಕಾಂಗ್ರೆಸ್. ಹನ್ನೆರಡು ವರ್ಷದ ಹಿಂದೆ ಒಬ್ಬರು ಮಾಡಿದ್ದನ್ನು ಈಗ ಇನ್ನೊಬ್ಬರು ಮಾಡಿದರು, ಪಕ್ಷಗಳು ಮಾತ್ರ ಅದಲುಬದಲಾಗಿದ್ದವು.

ಆ ದಿನಗಳಲ್ಲಿ ನಮ್ಮ ಚಿಗವ್ವ ನಮ್ಮ ಮನೆಗೆ ಬಂದಿದ್ದಳು. ಓದು ಬರಹ ಇಲ್ಲ. ಆದರೆ ಧಾರವಾಡ ಆಕಾಶವಾಣಿಯ ಸುದ್ದಿಯನ್ನು ತಪ್ಪಿಸುತ್ತಿರಲಿಲ್ಲ. ಸಹಿ, ಪತ್ರ, 19 ಮಂದಿ, 7 ಮಂದಿ ಎಂದು ಕೇಳುತ್ತ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

‘ಅಲ್ಲವಾ, ಅವರನ್ನ ಪಡಸಾಲಿಗೆ ಕರದು ಎಲ್ಲಾರ ಮುಂದ ಯಾಕ ಕೇಳಲಿಲ್ಲ?’

ಅವಳು ಹಾಗೆ ಕೇಳಿದ್ದಕ್ಕೆ ಕಾರಣ ಇತ್ತು. ಅದಕ್ಕೆ ನಾಲ್ಕೈದು ವರ್ಷ ಮೊದಲು, ಅಜ್ಜ ತೀರಿಕೊಂಡ ಮೇಲೆ, ತವರಿನಲ್ಲಿ ಅವಳನ್ನು ಒಳಕೋಣೆಗೆ ಕರೆದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಸೊಸೈಟಿ ಸಾಲದ ಕಾಗದ ಎಂದು ಹೇಳಿದ್ದರು. ಹೊಲದಲ್ಲಿ ತನಗೇನೂ ಬೇಡ ಎಂದು ಒಪ್ಪಿಕೊಂಡ ಕಾಗದ ಅದು ಎಂಬುದು ಆಮೇಲೆ ತಿಳಿಯಿತು. ಗಂಡನಿಲ್ಲದ ಹೆಂಗಸು, ಎರಡು ಸಣ್ಣ ಮಕ್ಕಳು. ಅವಳು ಅಳುತ್ತ ಕೂಡಲಿಲ್ಲ. ಹಿರಿಯರನ್ನು ಕೂಡಿಸಿರಿ ಎಂದು ಹಟ ಹಿಡಿದಳು. ಪಡಸಾಲೆಯಲ್ಲಿ ಕಂಬಳಿ ಹಾಸಿ ಐದು ಜನ ಕೂತರು. ಕಾಗದವನ್ನು ನಡುವೆ ಇಟ್ಟರು.

‘ಹೆಬ್ಬೆಟ್ಟು ನಿಂದ ಹೌದಲ್ಲೋ?’ ಎಂದು ಒಬ್ಬರು ಕೇಳಿದರು.

‘ಬಟ್ಟು ನಂದ ಐತ್ರೀ. ಮಾತು ನಂದಲ್ಲ’ ಎಂದಳು.

ಆ ಒಂದು ಮಾತಿಗೆ ಹಿರಿಯರು ತಲೆದೂಗಿ ಕಾಗದವನ್ನು ಬದಿಗಿಟ್ಟರು. ಅವಳಿಗೆ ಒಂದೂವರೆ ಎಕರೆ ಎರೆಹೊಲ ಬಂತು. ಆ ಹೊಲದ ಹತ್ತಿ, ಕಡಲೆಯ ಮೇಲೆಯೇ ಎರಡೂ ಮಕ್ಕಳು ಓದಿದರು. ಒಳಕೋಣೆಯಲ್ಲೇ ತೀರ್ಮಾನವಾಗಿದ್ದರೆ ಹೆಬ್ಬೆಟ್ಟು ನಿಜವಾಗುತ್ತಿತ್ತು, ಅವಳು ಸುಳ್ಳಾಗುತ್ತಿದ್ದಳು.

ಬೊಮ್ಮಾಯಿಯವರ ಪಡಸಾಲೆ ಎಂದರೆ ವಿಧಾನಸಭೆ. ಅದನ್ನು ತೆರೆಯಲೇ ಇಲ್ಲ. ಅವರು ಹೈಕೋರ್ಟಿಗೆ ಹೋದರು, ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ 1989ರ ನವೆಂಬರಿನಲ್ಲಿ ಚುನಾವಣೆ ಮುಗಿದು ಕಾಂಗ್ರೆಸ್ಸಿನ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಅರಸರಿಗೆ ತಿರುಗಿ ಸಿಕ್ಕಂತೆ ಬೊಮ್ಮಾಯಿಯವರಿಗೆ ಕುರ್ಚಿ ಸಿಗಲಿಲ್ಲ. ಜನರ ಎಣಿಕೆ ಒಮ್ಮೆ ಹೀಗೆ, ಒಮ್ಮೆ ಹಾಗೆ, ಅದಕ್ಕೆ ಮುನಿಸಿಕೊಳ್ಳುವಂತಿಲ್ಲ. ಆದರೆ ಮೊಕದ್ದಮೆ ನಿಲ್ಲಲಿಲ್ಲ. ಇದೇ ಬಗೆಯಲ್ಲಿ ಸರ್ಕಾರ ಕಳೆದುಕೊಂಡ ಬೇರೆ ರಾಜ್ಯಗಳ ಅರ್ಜಿಗಳೂ ಅದರ ಜೊತೆ ಕೂಡಿಕೊಂಡವು.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅದರ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂದು ತೂಗಿ ನೋಡುವ ಜಾಗ ಸದನ. ಅದು ರಾಜ್ಯಪಾಲರ ಸ್ವಂತ ಅಭಿಪ್ರಾಯಕ್ಕೆ ಬಿಟ್ಟ ವಿಷಯ ಅಲ್ಲ. ರಾಷ್ಟ್ರಪತಿ ಆಡಳಿತ ಹೇರಿದ್ದು ಸರಿಯೇ ಎಂದು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದಲ್ಲಿ 1989ರಲ್ಲಿ ಮಾಡಿದ್ದು ಸಂವಿಧಾನಕ್ಕೆ ಒಪ್ಪುವ ಕೆಲಸವಲ್ಲ ಎಂದೂ ಹೇಳಿದರು. ಐದು ವರ್ಷ ತಡವಾಗಿ ಬಂದ ಆ ಮಾತಿನಿಂದ ಹೋದ ಸರ್ಕಾರವೇನೂ ಬರಲಿಲ್ಲ. ಆದರೆ ಅಂದಿನಿಂದ ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಮೊದಲು ಬರುವ ಹೆಸರು ಕಾರಡಗಿಯ ಈ ಮನುಷ್ಯನದು. ನಮ್ಮ ಚಿಗವ್ವ ಅಕ್ಕಿ ಆರಿಸುತ್ತ ಕೇಳಿದ ಪ್ರಶ್ನೆಗೂ ಆ ತೀರ್ಪಿಗೂ ಬಹಳ ದೂರವಿಲ್ಲ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮರ್ಜಿಯ ಆಟ ನೋಡಿ. ವೆಂಕಟಸುಬ್ಬಯ್ಯನವರೂ ಐದು ವರ್ಷ ಪೂರೈಸಲಿಲ್ಲ. ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ವಿ. ಪಿ. ಸಿಂಗ್ ಅವರ ಸರ್ಕಾರ ಎಲ್ಲ ರಾಜ್ಯಪಾಲರ ರಾಜೀನಾಮೆ ಕೇಳಿತು. ಎರಡು ವರ್ಷವೂ ತುಂಬುವ ಮೊದಲು, 1990ರ ಫೆಬ್ರುವರಿಯಲ್ಲಿ, ಅವರು ರಾಜಭವನ ಬಿಟ್ಟರು. 2004ರಲ್ಲಿ ಮತ್ತೊಮ್ಮೆ ದಿಲ್ಲಿಯ ಸರ್ಕಾರ ಬದಲಾದಾಗ ನಾಲ್ಕು ರಾಜ್ಯಗಳ ರಾಜ್ಯಪಾಲರನ್ನು ತೆಗೆದರು. ಆ ಪ್ರಕರಣದಲ್ಲಿ 2010ರ ಮೇ 7ರಂದು ಸುಪ್ರೀಂ ಕೋರ್ಟು, ಸಕಾರಣವಿಲ್ಲದೆ ಮನಸ್ಸಿಗೆ ಬಂದಂತೆ ರಾಜ್ಯಪಾಲರನ್ನು ತೆಗೆಯುವಂತಿಲ್ಲ, ದಿಲ್ಲಿಯಲ್ಲಿ ಪಕ್ಷ ಬದಲಾದದ್ದು ಕಾರಣವಾಗದು ಎಂದಿತು. ಮರ್ಜಿ ಎಂಬ ಮಾತನ್ನು ಸಂವಿಧಾನದಿಂದ ಅಳಿಸಲಿಲ್ಲ, ಆದರೆ ಮರ್ಜಿಗೂ ಒಂದು ಕಾರಣ ಬೇಕು ಎಂದು ಹೇಳಿದರು. ಅತ್ತೆಯಂದಿರಿಗೂ ಯಾರಾದರೂ ಹೀಗೆ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಚೆನ್ನಾಗಿ ಉರಿಯುತ್ತಿತ್ತು.

ಪಟ್ಟಿಯಲ್ಲಿ ಒಂದು ಹೆಣ್ಣಿನ ಹೆಸರಿಗೆ ಕಾಯಬೇಕಾಯಿತು ಎಂದಿದ್ದೆನಲ್ಲ. 1999ರ ಡಿಸೆಂಬರ್ 2ರಂದು ವಿ. ಎಸ್. ರಮಾದೇವಿಯವರು ಕರ್ನಾಟಕದ ರಾಜ್ಯಪಾಲರಾದರು, 2002ರ ಆಗಸ್ಟ್ ತನಕ ಇದ್ದರು. ಆಂಧ್ರದವರು. ಅದಕ್ಕೂ ಮೊದಲು ಹಿಮಾಚಲ ಪ್ರದೇಶದಲ್ಲಿ ರಾಜ್ಯಪಾಲರಾಗಿದ್ದರು. 1990ರಲ್ಲಿ ದೇಶದ ಮುಖ್ಯ ಚುನಾವಣಾ ಆಯುಕ್ತರಾದ ಮೊದಲ ಮಹಿಳೆಯೂ ಅವರೇ. ನವೆಂಬರ್ 26ರಿಂದ ಡಿಸೆಂಬರ್ 11ರ ತನಕ, ಹದಿನಾರೇ ದಿನ! ದೇಶದ ಎಲ್ಲ ಎಣಿಕೆಗಳ ಕೀಲಿಕೈ ಹದಿನಾರು ದಿನ ಒಬ್ಬ ಹೆಂಗಸಿನ ಸೆರಗಿನಲ್ಲಿತ್ತು. ಅಕ್ಕಾದೇವಿಯ ಕಾಲದಿಂದ ಸುಮಾರು ಸಾವಿರ ವರ್ಷ ದಾಟಿ ರಮಾದೇವಿಯವರ ಹೆಸರು ಬಂತು. ಅವರ ನಂತರ ಟಿ. ಎನ್. ಚತುರ್ವೇದಿ, ರಾಮೇಶ್ವರ ಠಾಕೂರ್, ಹಂಸರಾಜ ಭಾರದ್ವಾಜ್. 2014ರಲ್ಲಿ ಎರಡು ತಿಂಗಳು ತಮಿಳುನಾಡಿನ ರಾಜ್ಯಪಾಲ ರೋಶಯ್ಯನವರಿಗೆ ಹೆಚ್ಚಿನ ಹೊಣೆ, ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟುಹೋದ ಹಾಗೆ. ಆಮೇಲೆ ವಜುಭಾಯಿ ವಾಲಾ, 2021ರ ಜುಲೈಯಿಂದ ಥಾವರ್‌ಚಂದ್ ಗೆಹಲೋತ್. ಇವರಲ್ಲಿ ಒಬ್ಬರೂ ಹೆಂಗಸರಲ್ಲ.

ವಾಲಾ ಅವರ ಅವಧಿಯಲ್ಲಿ 1994ರ ತೀರ್ಪು ಎರಡು ಬಾರಿ ನಮ್ಮ ಕಣ್ಣೆದುರೇ ಕೆಲಸ ಮಾಡಿತು. 2018ರ ಮೇ ತಿಂಗಳಲ್ಲಿ ಯಾರಿಗೂ ಬಹುಮತ ಬರದಿದ್ದಾಗ ರಾಜ್ಯಪಾಲರು ಯಡಿಯೂರಪ್ಪನವರಿಗೆ ಪ್ರಮಾಣವಚನ ಬೋಧಿಸಿ, ಬಹುಮತ ತೋರಿಸಲು ಹದಿನೈದು ದಿನ ಕೊಟ್ಟರು. ಅಷ್ಟು ದಿನ ಬೇಡ, ಮೇ 19ರಂದೇ ಸದನದಲ್ಲಿ ಎಣಿಸಿರಿ ಎಂದು ಸುಪ್ರೀಂ ಕೋರ್ಟು ಹೇಳಿತು. ಎಣಿಕೆಗೆ ಮೊದಲೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಮರುವರ್ಷ ಕುಮಾರಸ್ವಾಮಿಯವರ ಸರ್ಕಾರ ಅಲುಗಾಡಿತು. ರಾಜ್ಯಪಾಲರು ಬೇಗ ಮುಗಿಸಿರೆಂದು ಪತ್ರ ಬರೆದರು, ಸದನದಲ್ಲಿ ದಿನಗಟ್ಟಲೆ ಮಾತು ನಡೆಯಿತು. ಕೊನೆಗೆ 2019ರ ಜುಲೈ 23ರ ಸಂಜೆ ಸದಸ್ಯರನ್ನು ಸಾಲುಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. ಸರ್ಕಾರದ ಪರ 99, ವಿರುದ್ಧ 105. ಸರ್ಕಾರ ಬಿತ್ತು. ಬಿದ್ದದ್ದು ಸರಿಯೋ ತಪ್ಪೋ ಎಂಬುದು ಅವರವರ ಪಕ್ಷಕ್ಕೆ ಬಿಟ್ಟ ಮಾತು. ಬಿದ್ದದ್ದು ಎಲ್ಲರ ಕಣ್ಣೆದುರು, ಟಿ.ವಿ.ಯ ಮುಂದೆ ಕೂತ ನಮ್ಮ ಓಣಿಯ ಹೆಂಗಸರೂ ಎಣಿಸಬಹುದಾದ ಹಾಗೆ.

ಆ 99 ತಲೆಗಳಲ್ಲಿ ಒಂದು ಕುಂದಗೋಳದ್ದು. ಅಲ್ಲಿಯ ಶಾಸಕ ಸಿ. ಎಸ್. ಶಿವಳ್ಳಿಯವರು ಆ ವರ್ಷ ಮಾರ್ಚಿನಲ್ಲಿ ತೀರಿಕೊಂಡಿದ್ದರು. ಮೇ ತಿಂಗಳ ಉಪಚುನಾವಣೆಯಲ್ಲಿ ಅವರ ಪತ್ನಿ ಕುಸುಮಾವತಿ ಶಿವಳ್ಳಿಯವರು ಗೆದ್ದು ಸದನಕ್ಕೆ ಹೋಗಿದ್ದರು. ಎರಡೇ ತಿಂಗಳಲ್ಲಿ ಎದ್ದು ನಿಂತು ಎಣಿಸಿಕೊಳ್ಳುವ ಹೊತ್ತು ಬಂತು. ಅವರ ಪಕ್ಷ ಸೋತಿತು. ನನಗೆ ಮಾತ್ರ ಆಯಿಯ ನೆನಪಾಯಿತು. ರಾಜಾನ ಮಂದಿ ಎಂದು ಹೇಳಿಕೊಂಡು, ಯಾರ ಎಣಿಕೆಗೂ ಬರದೆ ಮುಪ್ಪಾದವಳು. ಅದೇ ಕುಂದಗೋಳದ ಒಬ್ಬ ಹೆಣ್ಣುಮಗಳು ಈಗ ಸರ್ಕಾರ ಇರಬೇಕೋ ಬೇಡವೋ ಎಂಬ ಲೆಕ್ಕದಲ್ಲಿ ಒಂದು ಅಂಕೆಯಾಗಿದ್ದಳು.

ಇದಾಗಿ ಎರಡು ವರ್ಷಕ್ಕೆ, 2021ರ ಜುಲೈ 28ರಂದು, ಎಸ್. ಆರ್. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ತಂದೆ 2007ರಲ್ಲೇ ತೀರಿಕೊಂಡಿದ್ದರು. ತಂದೆಯ ಸರ್ಕಾರ ಬಿದ್ದುಹೋದ ಸುದ್ದಿ ಯಾವ ರಾಜಭವನದಿಂದ ಹೊರಬಿತ್ತೋ ಅದೇ ರಾಜಭವನ. ಮಗನ ಪಕ್ಷ ಬೇರೆ, ರಾಜ್ಯಪಾಲರು ಬೇರೆ.

ನಮ್ಮ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಇಲ್ಲ ತಂಗಿ, ಎಲ್ಲರೂ ಒಬ್ಬರ ಮರ್ಜಿ ಇನ್ನೊಬ್ಬರು ಕಾಯುವುದಿಲ್ಲ. ರಾಜ್ಯಪಾಲರನ್ನು ಕಳಿಸುವುದು, ಕರೆಸಿಕೊಳ್ಳುವುದು ದಿಲ್ಲಿಯ ಮರ್ಜಿ. ಆದರೆ ಆರಿಸಿ ಬಂದ ಸರ್ಕಾರ ರಾಜ್ಯಪಾಲರ ಮರ್ಜಿಯ ಮೇಲೆ ಕೂತದ್ದಲ್ಲ. ಅದು ಪಡಸಾಲೆಯ ಎಣಿಕೆಯ ಮೇಲೆ ಕೂತದ್ದು. ಗ್ರಾಮ ಪಂಚಾಯಿತಿಗೂ ಇದೇ ಕಟ್ಟಳೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಈಗ ಅರ್ಧದಷ್ಟು ಜಾಗ ಹೆಣ್ಣುಮಕ್ಕಳದು, ಅಧ್ಯಕ್ಷರೂ ಅವರೇ ಆಗುತ್ತಾರೆ. ಅಧ್ಯಕ್ಷಳನ್ನು ಇಳಿಸಬೇಕಾದರೆ ಸಭೆ ಕರೆಯಬೇಕು, ಎಲ್ಲರ ಮುಂದೆ ಮತ ಎಣಿಸಬೇಕು. ಮನೆಗೆ ಬಂದು, ಚಹಾ ಕುಡಿದು, ‘ಇಲ್ಲೊಂದು ಸಹಿ ಮಾಡವಾ’ ಎಂದು ಕಾಗದ ಚಾಚುವ ಗಂಡಸರು ಇನ್ನೂ ಇದ್ದಾರೆ. ಅಂಥ ಕಾಗದ ಬಂದರೆ ಏನು ಹೇಳಬೇಕೆಂದು ನಾನು ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ಹೇಳಿಕೊಟ್ಟಿದ್ದೇನೆ: ‘ಸಭಾಕ್ಕ ಬರ್ರಿ, ಅಲ್ಲೆ ಹೇಳತೇನಿ.’